ಇಟಾಸ್ಕಾ: ಒಂದು ನದೀಮೂಲದ ನಾಮಚರಿತ್ರೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರಭಾಗದಲ್ಲಿ ಇಟಾಸ್ಕಾ ಎಂಬ ಸರೋವರವಿದೆ. ಮಿಸಿಸಿಪ್ಪಿ ಮಹಾನದಿಯ ಉಗಮಸ್ಥಾನವಾದ ಇದರ ಸುತ್ತ ಆ ರಾಜ್ಯದ ಅತ್ಯಂತ ಹಳೆಯ ಉದ್ಯಾನವು ಹಬ್ಬಿದೆ. ಬೇಸಿಗೆಯಲ್ಲಿ ಜನ ಇಲ್ಲಿಗೆ ಈಜಲು, ದೋಣಿ ನಡೆಸಲು, ಮುಗಿಲೆತ್ತರದ ಪೈನ್ ಮರಗಳ ನಡುವೆ ಅಡ್ಡಾಡಲು ಬರುತ್ತಾರೆ. ಸರೋವರದ ನೀರು ಹೊರಬೀಳುವಲ್ಲಿ ಬಂಡೆಗಳ ಸಾಲೊಂದಿದೆ. ಮಕ್ಕಳೂ ವೃದ್ಧರೂ ಪಾದರಕ್ಷೆ ಕಳಚಿ, ಮಂಡಿಮಟ್ಟದ ನೀರಿನಲ್ಲಿ ನದಿಯನ್ನು ದಾಟಿ ಸಂಭ್ರಮಿಸುತ್ತಾರೆ. ಅಲ್ಲಿಂದ ಕಡಲಿಗೆ 2552 ಮೈಲಿ ಎಂದು ಪಕ್ಕದ ಕಂಬವೊಂದು ಸಾರುತ್ತದೆ.

ಭಾಷಾವಿದ್ಯಾರ್ಥಿಯ ಕುತೂಹಲ ಕೆರಳಿಸುವುದು ಈ ಸರೋವರದ ಹೆಸರು. ಕೇಳಿದೊಡನೆ ಯಾವುದೋ ಮೂಲನಿವಾಸಿ ನುಡಿಯ ಪದವೆಂದೇ ತೋರುತ್ತದೆ, ಆದರೆ ಹಾಗಲ್ಲ. 1832ರಲ್ಲಿ ಇಲ್ಲಿಗೆ ಬಂದ ಹೆನ್ರಿ ಸ್ಕೂಲ್‌ಕ್ರಾಫ್ಟ್, ಸತ್ಯವೆಂಬರ್ಥದ 'ವೆರಿಟಾಸ್', ತಲೆಯೆಂಬರ್ಥದ 'ಕಾಪುಟ್' ಎಂಬ ಎರಡು ಲ್ಯಾಟಿನ್ ಪದಗಳನ್ನು ಜೊತೆಗಿದ್ದ ಪಾದ್ರಿ ಬೌಟ್‌ವೆಲ್‌ರಿಂದ ಪಡೆದನು. ಮೊದಲನೆಯದರ ಆದಿಯನ್ನೂ ಎರಡನೆಯದರ ಅಂತ್ಯವನ್ನೂ ಕತ್ತರಿಸಿ ಉಳಿದುದನ್ನು ಜೋಡಿಸಿದನು. ಯಾವ ವ್ಯಾಕರಣವೂ ಒಪ್ಪದ ಸಂಧಿಯಿದು! ನದೀಮೂಲವನ್ನು ತಲೆಯೆಂದು ಕರೆಯುವ ಕಲ್ಪನೆಯೇನೋ ತಲಕಾವೇರಿಯನ್ನು ಬಲ್ಲ ನಮಗೆ ಹೊಸದಲ್ಲ. ಮುಂದೆ ಇಟಾಸ್ಕಾ ಎಂಬ ಕನ್ಯೆಯ ಕಣ್ಣೀರಿನಿಂದ ನದಿ ಹುಟ್ಟಿತೆಂಬ 'ಐತಿಹ್ಯ'ವೂ ಹಬ್ಬಿತು. ಹೆಸರಿನಿಂದ ಸ್ಥಳಪುರಾಣ ಹುಟ್ಟಿದ ನಿದರ್ಶನವಿದು.

ಆದರೆ ಸ್ಕೂಲ್‌ಕ್ರಾಫ್ಟ್ 'ಕಂಡುಹಿಡಿದ' ಸರೋವರಕ್ಕೆ ಅದಾಗಲೇ ಹೆಸರಿತ್ತು. ಓಜಿಬ್ವೆ ಜನರು ಅದನ್ನು ಎಲ್ಕ್ ಜಿಂಕೆಯ ಸರೋವರವೆಂದು ಕರೆಯುತ್ತಿದ್ದರು. ಫ್ರೆಂಚ್ ವ್ಯಾಪಾರಿಗಳೂ ಅದೇ ಅರ್ಥದ ಹೆಸರನ್ನು ಬಳಸುತ್ತಿದ್ದರು. ಅವನನ್ನು ಅಲ್ಲಿಗೆ ಕರೆದೊಯ್ದವನು ಓಜಿಬ್ವೆ ಜನರ ಓಜಾವಿಂಡಿಬ್. ದಾರಿ ಬಲ್ಲವನು ಮಾರ್ಗದರ್ಶಿಯಾಗಿಯೇ ಉಳಿದು, ಹಿಂದೆ ನಡೆದವನು ಶೋಧಕನಾದನು. 'ನಿಜವಾದ ತಲೆ' ಎಂಬ ಹೆಸರಿನೊಳಗೆ ಈ ಸತ್ಯಕ್ಕೆ ಮಾತ್ರ ಎಡೆ ದೊರೆಯಲಿಲ್ಲ.

ಮರದ ವ್ಯಾಪಾರಿಗಳ ಕೊಡಲಿಯಿಂದ ಈ ಕಾಡನ್ನು ಉಳಿಸಲು ಜೇಕಬ್ ಬ್ರೋವರ್ ಬಹಳ ಶ್ರಮಿಸಿದರು. 1891ರಲ್ಲಿ ಉದ್ಯಾನದ ಮಸೂದೆ ಒಂದೇ ಒಂದು ಮತದ ಅಂತರದಲ್ಲಿ ಗೆದ್ದಿತು. ಆದರೂ ಮರ ಕಡಿಯುವುದು ನಿಲ್ಲಲಿಲ್ಲ. ದಿಮ್ಮಿ ತೇಲಿಸಲು ಕಟ್ಟಿದ ಅಡ್ಡಗಟ್ಟೆಯಿಂದ ಸರೋವರ ಉಕ್ಕಿ ದಡದ ಮರಗಳು ಮುಳುಗತೊಡಗಿದವು. 1903ರಲ್ಲಿ ತಂದೆಯ ಮರಣಾನಂತರ ಉದ್ಯಾನದ ಹೊಣೆ ಹೊತ್ತ ಮೇರಿ ಗಿಬ್ಸ್ ಆಗ ಇಪ್ಪತ್ತನಾಲ್ಕರ ತರುಣಿ. ಬಂದೂಕು ಹಿಡಿದವರ ಎದುರು ನಿಂತು, ತೂಬು ತೆರೆಯಿರೆಂದು ಆಕೆ ಪಟ್ಟುಹಿಡಿದರು. ಅದೇ ವರ್ಷ ಹುದ್ದೆಯನ್ನೂ ತೊರೆದರು. ಇಂದು ಉಗಮದ ಬಳಿಯ ಸಂದರ್ಶಕರ ಕೇಂದ್ರಕ್ಕೆ ಆಕೆಯದೇ ಹೆಸರು.

ಇನ್ನು ಆ ಬಂಡೆಗಳ ಸಾಲು. ಮೂಲದಲ್ಲಿ ಅಲ್ಲಿದ್ದುದು ಕೆಸರು, ಜೌಗು. 1930ರ ದಶಕದಲ್ಲಿ ಸರ್ಕಾರಿ ಕೆಲಸಗಾರರು ತೊರೆಗೆ ಹೊಸ ಪಾತ್ರ ತೋಡಿ, ಪ್ರವಾಸಿಗರು ದಾಟಲೆಂದು ಕಲ್ಲುಗಳನ್ನು ಜೋಡಿಸಿದರು.