ಬಹುಮಾನಕ್ಕೊಂದು ಕಾದಂಬರಿ

ಕಾದಂಬರಿಯೊಂದನ್ನು ಬರೆದು ಮುಗಿಸಿ, ಅದನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಕುಳಿತಿರುವ ತರುಣ ತರುಣಿಯರು ನಮ್ಮ ನಾಡಿನ ಊರೂರಿನಲ್ಲಿಯೂ ಇದ್ದಾರೆ. ಚಿತ್ರದುರ್ಗದಲ್ಲಿ ಇದ್ದಾರೆ; ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿಯೂ ಇದ್ದಾರೆ. ಅವರಿಗೆ ಪ್ರಕಾಶಕರ ಪರಿಚಯವಿಲ್ಲ, ವಿಮರ್ಶಕರ ಒಡನಾಟವಿಲ್ಲ. ಕಾದಂಬರಿಯ ಹಸ್ತಪ್ರತಿಗಳನ್ನು ಸ್ಪರ್ಧೆಗೆ ಆಹ್ವಾನಿಸಿದ ಪ್ರಕಟಣೆಯೊಂದು ಅಂಥವರ ಕಣ್ಣಿಗೆ ಬಿದ್ದರೆ ಏನು ಮಾಡಬೇಕು? ಕಳುಹಿಸಬೇಕೆ, ಬೇಡವೆ? ಸ್ಪರ್ಧೆಯೆಂದರೆ ಕುಸ್ತಿಯ ಕಣ, ಅಲ್ಲಿ ಸಾಹಿತ್ಯಕ್ಕೇನು ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಬಹುಮಾನವಿಲ್ಲದೆ ಹೊಸಬನನ್ನು ಕೇಳುವವರು ಯಾರು ಎನ್ನುವವರೂ ಇದ್ದಾರೆ. ಈ ವಾದದಲ್ಲಿ ಪಕ್ಷ ವಹಿಸುವ ಮೊದಲು ಚರಿತ್ರೆಯನ್ನೊಮ್ಮೆ ತಿರುವಿ ನೋಡುವುದು ಒಳ್ಳೆಯದು.

ನಮ್ಮ ದೇಶದಲ್ಲಿ ಕಾದಂಬರಿಯೂ ಬಹುಮಾನವೂ ಹೆಚ್ಚುಕಡಿಮೆ ಒಟ್ಟಿಗೇ ಬೆಳೆದವು. 1868ರಲ್ಲಿ ವಾಯವ್ಯ ಪ್ರಾಂತದ ಸರ್ಕಾರ ದೇಶಭಾಷೆಗಳ ಉಪಯುಕ್ತ ಗ್ರಂಥಗಳಿಗೆ ಬಹುಮಾನ ಕೊಡುವುದಾಗಿ ಸಾರಿತು. ಉರ್ದುವಿನ ಮೊದಲ ಕಾದಂಬರಿಯೆಂದು ಹೆಸರಾದ ನಜೀರ್ ಅಹಮದರ 'ಮಿರಾತ್-ಉಲ್-ಉರೂಸ್' 1869ರಲ್ಲಿ ಪ್ರಕಟವಾಯಿತು; ಈ ಯೋಜನೆಯಿಂದ ಅದಕ್ಕೆ 1,000 ರೂಪಾಯಿಗಳ ಬಹುಮಾನ ಸಂದಿತು. 1871ರಲ್ಲಿ ವಂಗದೇಶದ ಉತ್ತರಪಾಡಾದ ಜಮೀನುದಾರ ಜಯಕೃಷ್ಣ ಮುಖೋಪಾಧ್ಯಾಯರು ಬಂಗಾಳದ ಗ್ರಾಮಜನರ, ದುಡಿಯುವವರ ಬದುಕನ್ನು ಚಿತ್ರಿಸುವ ಕಾದಂಬರಿಗೆ 500 ರೂಪಾಯಿಗಳನ್ನು ಮುಡಿಪಿಟ್ಟರು. ಆ ಬಹುಮಾನವನ್ನು ಪಡೆದ ಲಾಲ್ ಬಿಹಾರಿ ಡೇ ಅವರ 'ಗೋವಿಂದ ಸಾಮಂತ' 1874ರಲ್ಲಿ ಇಂಗ್ಲಿಷಿನಲ್ಲಿ ಬೆಳಕು ಕಂಡಿತು. ನೆರೆಯ ತೆಲುಗು ನಾಡಿನಲ್ಲಿ 19ನೆಯ ಶತಮಾನದ ಕೊನೆಯ ದಶಕದಲ್ಲಿ ರಾಜಮಹೇಂದ್ರಿಯ 'ಚಿಂತಾಮಣಿ' ಪತ್ರಿಕೆ ಕಾದಂಬರಿ ಸ್ಪರ್ಧೆಗಳನ್ನು ನಡೆಸಿತು. ಚಿಲಕಮರ್ತಿ ಲಕ್ಷ್ಮೀನರಸಿಂಹಂ ಕಾದಂಬರಿಕಾರರಾಗಿ ಮೊದಲು ಕಾಣಿಸಿಕೊಂಡದ್ದು ಆ ಸ್ಪರ್ಧೆಗಳ ಮೂಲಕವೇ.

ಇವುಗಳಲ್ಲಿ ಮೊದಲಿನ ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಜೀರ್ ಅಹಮದರು ತಮ್ಮ ಪುಸ್ತಕವನ್ನು ಬರೆದದ್ದು ಬಹುಮಾನಕ್ಕಾಗಿ ಅಲ್ಲ. ತಮ್ಮ ಹೆಣ್ಣುಮಕ್ಕಳು ಓದಲೆಂದು. ಸರ್ಕಾರ ಬಯಸಿದ ನೀತಿಬೋಧೆ ಅದರಲ್ಲಿ ಇದ್ದೇ ಇದೆ. ಆದರೆ ಇಂದಿಗೂ ಜನ ಅದನ್ನು ನೆನೆಯುವುದು ದೆಹಲಿಯ ಮನೆಯೊಳಗಿನ ಹೆಂಗಸರ ಜೀವಂತ ಮಾತಿಗಾಗಿ. ಡೇ ಅವರ ಸಂಗತಿ ಬೇರೆ. ಅವರು ಪ್ರಕಟಣೆಯನ್ನು ನೋಡಿಯೇ ಲೇಖನಿ ಹಿಡಿದವರು. ಆದರೂ ಅವರ ಕೃತಿ ಕೃತಕವಾಗಲಿಲ್ಲ. ಏಕೆಂದರೆ ಅವರು ಹುಟ್ಟಿ ಬೆಳೆದದ್ದು ಬರ್ದವಾನ್ ಸೀಮೆಯ ಹಳ್ಳಿಯಲ್ಲಿ. ಕೊಟ್ಟ ವಿಷಯವೂ ಒಳಗಿದ್ದ ವಿಷಯವೂ ಅಲ್ಲಿ ಒಂದೇ ಆದವು. ಬಹುಮಾನ ಹೊಸದೇನನ್ನೂ ಹುಟ್ಟಿಸಲಿಲ್ಲ. ಇದ್ದುದನ್ನು ಹೊರಗೆ ತರಿಸಿತು.

ಇನ್ನು ಕನ್ನಡಕ್ಕೆ ಬರೋಣ. 1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡ ಗ್ರಂಥಕರ್ತರಿಗೆ ಬಹುಮಾನವಿತ್ತು ಬರೆಯಿಸುವುದನ್ನು ತನ್ನ ಮುಖ್ಯ ಕೆಲಸಗಳಲ್ಲೊಂದಾಗಿ ಕೈಗೊಂಡಿತು. ಗಳಗನಾಥರೆಂದು ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರ ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ' 1898ರಲ್ಲಿ ಸಂಘದ ಬಹುಮಾನ ಪಡೆಯಿತು. ಶಾಲೆಯ ಉಪಾಧ್ಯಾಯರೊಬ್ಬರು ಕನ್ನಡದ ಕಾದಂಬರಿಕಾರರಾದರು. ಇಷ್ಟು ಬಹುಮಾನದ ಉಪಕಾರ; ಇದು ಸಣ್ಣದಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬಹುಮಾನ ಬಂದ ಮಾತ್ರಕ್ಕೆ ಓದುಗರು ಬರಲಿಲ್ಲ. ಓದುಗರನ್ನು ಗಳಗನಾಥರು ತಾವೇ ಹುಡುಕಿಕೊಂಡು ಹೋಗಬೇಕಾಯಿತು. 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಬೆಳೆಸಿದರು. ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದವರೆಂಬ ಕೀರ್ತಿ ಅವರಿಗೆ ಬಂದದ್ದು ಸಂಘದ ಬಹುಮಾನದಿಂದಲ್ಲ, ಹೆಗಲ ಮೇಲಿನ ಆ ಗಂಟಿನಿಂದ.

ಇದೇ ಮಾತಿನ ಇನ್ನೊಂದು ಮುಖವನ್ನು ನೋಡಲು ನಾವು ದುರ್ಗಕ್ಕೇ ಬರಬೇಕು. ಇಲ್ಲಿ ಕಾದಂಬರಿಗೆ ವಸ್ತುವಿನ ಬರವಿಲ್ಲ. ಪಾಳೆಯಗಾರರ ಮೂಲಪುರುಷ ತಿಮ್ಮಣ್ಣ ನಾಯಕ ವಿಜಯನಗರದರಸರಿಂದ ಮೊದಲು ಹೊಳಲ್ಕೆರೆಯ, ಬಳಿಕ ಹಿರಿಯೂರಿನ, ಕೊನೆಗೆ ಚಿತ್ರದುರ್ಗದ ನಾಯಕತನವನ್ನು ಪಡೆದನೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಅಲ್ಲಿಂದ 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಬೀಳುವವರೆಗಿನ ಕಥೆ ಈ ಸೀಮೆಯ ಕಲ್ಲುಕಲ್ಲಿನಲ್ಲಿಯೂ ಇದೆ. ಅದನ್ನು ಕಾದಂಬರಿಯಾಗಿಸಿದವರು ತ.ರಾ.ಸು. ಅವರ 'ಹಂಸಗೀತೆ' ಬಂದದ್ದು 1952ರಲ್ಲಿ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೊದಲಾದವುಗಳನ್ನು ದಾಟಿ, ದುರ್ಗದ ಪತನದ ಕಥೆಯಾದ 'ದುರ್ಗಾಸ್ತಮಾನ' ಪ್ರಕಟವಾದದ್ದು 1982ರಲ್ಲಿ. ನಡುವೆ 30 ವರ್ಷ! 1984ರಲ್ಲಿ ತ.ರಾ.ಸು. ತೀರಿಕೊಂಡರು, ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1985ರಲ್ಲಿ. ಕೆಲವು ವಸ್ತುಗಳು ಬರೆಯುವವನಿಂದ ಅರ್ಧ ಆಯುಷ್ಯವನ್ನೇ ಬೇಡುತ್ತವೆ. ಯಾವ ಸ್ಪರ್ಧೆಯ ಕೊನೆಯ ದಿನಾಂಕವೂ ಅಷ್ಟು ದೂರದಲ್ಲಿರುವುದಿಲ್ಲ.

ಹಾಗಾದರೆ ಸ್ಪರ್ಧೆಯ ಗೊಡವೆಯೇ ಬೇಡವೆನ್ನೋಣವೆ? ಅದೂ ಸರಿಯಲ್ಲ. ಹಸ್ತಪ್ರತಿಯಲ್ಲಿ ಲೇಖಕನ ಹೆಸರನ್ನು ಮರೆಮಾಡಿ ತೀರ್ಪುಗಾರರಿಗೆ ಒಪ್ಪಿಸುವ ಸ್ಪರ್ಧೆಯಲ್ಲಿ ಹೊಸದುರ್ಗದ ಹೊಸಬನೂ ಬೆಂಗಳೂರಿನ ಪ್ರಸಿದ್ಧನೂ ಸಮಾನರು. ಶಿಫಾರಸು ಇಲ್ಲದವನಿಗೆ ಇಂತಹ ಬಾಗಿಲು ಬೇರೆಲ್ಲಿದೆ? 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆ ಎಷ್ಟೋ ಮಂದಿ ಕಥೆಗಾರರನ್ನು ನಾಡಿಗೆ ಪರಿಚಯಿಸಿತು. ಛಂದ ಪುಸ್ತಕದವರ ಸ್ಪರ್ಧೆ ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನವನ್ನು ಕೊಡುವುದಲ್ಲದೆ ಅದನ್ನು ಪುಸ್ತಕವಾಗಿಯೂ ಹೊರತಂದಿತು. ಸಣ್ಣಕಥೆಗೆ ಆದ ಈ ಉಪಕಾರ ಕಾದಂಬರಿಗೆ ಆಗಬಾರದೆಂದೇನೂ ಇಲ್ಲ.

ಒಂದು ಭೇದವನ್ನು ಮಾತ್ರ ಮರೆಯಬಾರದು. ಸೋತ ಕಥೆಯಿಂದ ಹೋಗುವುದು ಕೆಲವು ವಾರಗಳ ಶ್ರಮ. ಸ್ಪರ್ಧೆಗೆಂದೇ ಹೊಸೆದು ಸೋತ ಕಾದಂಬರಿಯಿಂದ ಹೋಗುವುದು ವರ್ಷಗಳ ಶ್ರಮ. ಜೊತೆಗೆ, ಸೋಲಿನ ಕಾರಣವನ್ನು ತೀರ್ಪುಗಾರರು ಸಾಮಾನ್ಯವಾಗಿ ತಿಳಿಸುವುದಿಲ್ಲ. ಆದ್ದರಿಂದ ತೀರ್ಪಿಗಿಂತ ಮೊದಲು ಓದು ಬೇಕು, ಓದಿ ನಿಷ್ಠುರವಾಗಿ ಹೇಳುವವರು ಬೇಕು. ಅದಕ್ಕೆ ರಾಜಧಾನಿಗೇ ಹೋಗಬೇಕಾಗಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅಧ್ಯಾಪಕರಾಗಿದ್ದ ರಾಘವೇಂದ್ರ ಪಾಟೀಲರು ಅಲ್ಲಿಂದಲೇ 'ಸಂವಾದ' ಎಂಬ ಸಾಹಿತ್ಯಪತ್ರಿಕೆಯನ್ನು ನಡೆಸಿದರು. ಅವರ 'ತೇರು' ಕಾದಂಬರಿಗೆ 2005ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹಳ್ಳಿಯಲ್ಲಿ ಕುಳಿತೂ ಸಾಹಿತ್ಯದ ಮಾತುಕತೆಯನ್ನು ಕಟ್ಟಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಲೌಕಿಕದ ಮಾತನ್ನೂ ಎರಡು ಆಡಬೇಕು. ಸ್ಪರ್ಧೆಗೆ ಕಳುಹಿಸಿದ ಮಾತ್ರಕ್ಕೆ ಕೃತಿಯ ಹಕ್ಕು ಕೈಬಿಟ್ಟುಹೋಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿ, ಲೇಖಕನ ರುಜುವಿನೊಡನೆ ಆಗಬೇಕು. ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷವೆಂದು ಭಾವಿಸಲಾಗುತ್ತದೆ. ಆದುದರಿಂದ ನಿಯಮಾವಳಿಯ ಸಣ್ಣ ಅಕ್ಷರಗಳನ್ನು ಓದದೆ ರುಜು ಹಾಕಬಾರದು. ಒಂದು ಪ್ರತಿಯನ್ನು ಇಟ್ಟುಕೊಳ್ಳದೆ ಹಸ್ತಪ್ರತಿಯನ್ನು ಅಂಚೆಗೆ ಹಾಕಬಾರದು.

ಕೊನೆಗೆ ನಿಲ್ಲುವ ಮಾತು ಇಷ್ಟು. ಸ್ಪರ್ಧೆಗಾಗಿ ಕಾದಂಬರಿಯನ್ನು ಬರೆಯಬೇಡಿ. ಬರೆದ ಕಾದಂಬರಿಯನ್ನು ಸ್ಪರ್ಧೆಗೆ ಕಳುಹಿಸಿ, ಸಂಕೋಚ ಬೇಡ. ಕೊಟ್ಟ ವಿಷಯ ನಿಮ್ಮೊಳಗೆ ಮೊದಲೇ ಇದ್ದರೆ, ಡೇ ಅವರಂತೆ ಪ್ರಕಟಣೆಯನ್ನು ಕರೆಯೆಂದು ತಿಳಿಯಿರಿ. ಇಲ್ಲದಿದ್ದರೆ ಆ ಪ್ರಕಟಣೆ ನಿಮಗಲ್ಲವೆಂದು ಮುಂದೆ ಸಾಗಿರಿ. ಬಹುಮಾನ ಬಂದರೆ ಸಂತೋಷ, ಆದರೆ ಓದುಗರನ್ನು ಗಳಿಸುವ ಕೆಲಸ ಆಗಲೂ ಬಾಕಿಯೇ ಇರುತ್ತದೆ. ಬಾರದಿದ್ದರೆ ಹಸ್ತಪ್ರತಿಯನ್ನು ಮತ್ತೊಮ್ಮೆ ಓದಿ, ತಿದ್ದಿ, ಇನ್ನೊಂದು ಬಾಗಿಲನ್ನು ತಟ್ಟಿರಿ. ತೀರ್ಪುಗಾರರು ಮೂವರೋ ನಾಲ್ವರೋ. ಓದುವ ನಾಡು ಅದಕ್ಕಿಂತ ದೊಡ್ಡದು.