ಕನಿಷ್ಕ ಕಡತದೊಳಗಿನ ಟೆಲೆಕ್ಸ್

ಭಯೋತ್ಪಾದಕ ದಾಳಿಯಾದಾಗ ಪೊಲೀಸ್ ತನಿಖೆ ನಡೆಯುತ್ತದೆ, ಕೋರ್ಟಿನಲ್ಲಿ ಮೊಕದ್ದಮೆಯೂ ನಡೆಯುತ್ತದೆ. ಅದರ ಮೇಲೊಂದು ಬಹಿರಂಗ ವಿಚಾರಣೆ ಬೇಕೇ? ಉತ್ತರ ಹುಡುಕಿ ಏರ್ ಇಂಡಿಯಾ ‘ಕನಿಷ್ಕ’ದ ದಾಖಲೆಗಳನ್ನು ಓದತೊಡಗಿದೆ. ಕೆನಡಾದಿಂದ ಹೊರಟ ಈ ವಿಮಾನ 1985ರ ಜೂನ್ 23ರಂದು ಐರ್ಲೆಂಡ್ ಸಮೀಪ ಸ್ಫೋಟಗೊಂಡು, ಒಳಗಿದ್ದ 329 ಜನರೂ ಸತ್ತರು.

ಮೊದಲು ಸಿಕ್ಕಿದ್ದು ನ್ಯಾಯಮೂರ್ತಿ ಬಿ.ಎನ್. ಕೃಪಾಲ್ ಅವರ 1986ರ ವರದಿ. ವಿಮಾನ ಬಿದ್ದದ್ದು ಬಾಂಬಿನಿಂದ ಎಂದು ಅದು ಹೇಳುತ್ತದೆ. ನಂತರ 2005ರ ತೀರ್ಪು: ಸಾಕ್ಷ್ಯ ಸಾಲದೆ ವ್ಯಾಂಕೂವರ್‌ನಲ್ಲಿ ಇಬ್ಬರು ಆರೋಪಿಗಳ ಖುಲಾಸೆ. ಕೆನಡಾ ಸರ್ಕಾರಕ್ಕೆ ಮೊದಲೇ ಏನು ಗೊತ್ತಿತ್ತು ಎಂಬುದಕ್ಕೆ ಎರಡರಲ್ಲೂ ಪೂರ್ತಿ ಉತ್ತರವಿಲ್ಲ.

ಉತ್ತರವಿದ್ದದ್ದು ಕೆನಡಾದ ನಿವೃತ್ತ ನ್ಯಾಯಮೂರ್ತಿ ಜಾನ್ ಮೇಜರ್ ನಡೆಸಿದ ಬಹಿರಂಗ ವಿಚಾರಣಾ ಆಯೋಗದ ಸಂಪುಟಗಳಲ್ಲಿ. ಸಾಮಾನಿನಲ್ಲಿ ಟೈಂ ಬಾಂಬ್ ಇಡಬಹುದೆಂದು ಎಚ್ಚರಿಸುವ ಏರ್ ಇಂಡಿಯಾದ ಟೆಲೆಕ್ಸ್ ಜೂನ್ 1ರದು. ಅದು ಕೆನಡಾ ಪೊಲೀಸರ ಕೈಸೇರಿತ್ತು. ಆದರೆ ಅಲ್ಲಿನ ಗುಪ್ತಚರ ಸಂಸ್ಥೆಗೆ ಮುಟ್ಟಲಿಲ್ಲ. ನಿರ್ದಿಷ್ಟ ಬೆದರಿಕೆ ಗೊತ್ತಿಲ್ಲವೆಂದು ಅದೇ ಸಂಸ್ಥೆ ಜೂನ್ 18ರಂದು ಬರೆಯಿತು. ಟೊರೊಂಟೊ ವಿಮಾನ ನಿಲ್ದಾಣದಲ್ಲಿ ಸಾಮಾನು ನೋಡುವ ಎಕ್ಸ್‌ರೇ ಯಂತ್ರ ಕೈಕೊಟ್ಟಿತು; ಬದಲಿಗೆ ಬಳಸಿದ, ಕೈಯಲ್ಲಿ ಹಿಡಿಯುವ ಸ್ಫೋಟಕ ಪತ್ತೆ ಯಂತ್ರ ಒಂದು ಬ್ಯಾಗಿನ ಬಳಿ ಸದ್ದು ಮಾಡಿತು, ಆದರೂ ಬ್ಯಾಗು ವಿಮಾನಕ್ಕೇರಿತು. ಪ್ರಮುಖ ಶಂಕಿತನೊಬ್ಬನ ಫೋನ್ ಸಂಭಾಷಣೆಯ ಟೇಪುಗಳಲ್ಲಿ ಬಹುಪಾಲನ್ನು ಗುಪ್ತಚರರೇ ಅಳಿಸಿಹಾಕಿದ್ದರು.

ವಿಚಾರಣೆಯಿಂದ ದೇಶದ ಗುಟ್ಟು ಬಯಲಾಗುತ್ತದೆ ಎಂಬ ಆಕ್ಷೇಪ ಅಲ್ಲೂ ಎದ್ದಿತ್ತು. ಕಡತಗಳ ಪುಟಗಳ ಮೇಲೆ ಸರ್ಕಾರ ಕಪ್ಪು ಮಸಿ ಬಳಿದು ಕೊಟ್ಟಾಗ, ಹೀಗಾದರೆ ವಿಚಾರಣೆ ಮುಂದುವರಿಸಲಾಗದು ಎಂದು 2007ರಲ್ಲಿ ಮೇಜರ್ ಪಟ್ಟು ಹಿಡಿದರು. ಆಮೇಲೆ ಹೆಚ್ಚಿನ ಕಡತಗಳು ಹೊರಬಂದವು. ನಿಜವಾದ ಗುಟ್ಟು ಯಾವುದು, ಮುಜುಗರ ಮುಚ್ಚುವ ಮಸಿ ಯಾವುದು ಎಂದು ಬೇರ್ಪಡಿಸಲು ಸ್ವತಂತ್ರ ನ್ಯಾಯಾಧೀಶರು ಬೇಕು.

ವರದಿ ಬಂದದ್ದು 2010ರಲ್ಲಿ, ದಾಳಿಯಾಗಿ 25 ವರ್ಷಕ್ಕೆ. ಕೆನಡಾದ ಅಂದಿನ ಪ್ರಧಾನಿ ಸ್ಟೀಫನ್ ಹಾರ್ಪರ್ ಕ್ಷಮೆ ಕೇಳಿದ್ದೂ ಅದರ ನಂತರವೇ. ಅಷ್ಟರಲ್ಲಿ ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಂದೆತಾಯಿಗಳು ಮುಪ್ಪಾಗಿದ್ದರು.

ಹಾಗಾಗಿ ನನ್ನ ಉತ್ತರ ಖಚಿತ: ವಿಚಾರಣೆ ಬೇಕು. ಅಪರಾಧಿಗೆ ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ. ಎಚ್ಚರಿಕೆ ಯಾರ ಮೇಜಿನ ಮೇಲೆ ಕೊಳೆಯಿತು ಎಂದು ಕೇಳುವುದು ಆಯೋಗದ ಕೆಲಸ. ಕಡತ ತರಿಸಿಕೊಳ್ಳುವ ಅಧಿಕಾರ, ವರದಿ ಪ್ರಕಟಿಸಲು ಗಡುವು, ಎರಡನ್ನೂ ಕಾನೂನೇ ಕೊಡಬೇಕು. ಸತ್ತವರ ಮನೆಯವರು ಇಪ್ಪತ್ತು ವರ್ಷ ಸರ್ಕಾರದ ಬಾಗಿಲು ತಟ್ಟಿದ ಮೇಲೆ ಸಿಗುವ ಭಿಕ್ಷೆ ಈ ವಿಚಾರಣೆ ಆಗಬಾರದು.