ಗೊಂಬೆಯ ಎರಡು ಊರುಗಳು: ಕೊಪ್ಪಳ ಜಿಲ್ಲೆಯಲ್ಲಿ ಬದಲಾಗುತ್ತಿರುವ ದುಡಿಮೆ

ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಗೊಂಬೆ ಮಾಡುವುದು ತಂದೆಯಿಂದ ಮಗನಿಗೆ ಬಂದ ಕಸುಬು. ಅದೇ ಕೊಪ್ಪಳದಿಂದ ಗದಗದತ್ತ ಸಾಗುವ ಹೆದ್ದಾರಿಯ ಬದಿಯ ಭಾನಾಪುರದಲ್ಲಿ ಗೊಂಬೆ ಮಾಡುವುದು ಪಾಳಿಯ ಲೆಕ್ಕದ ನೌಕರಿ. ಒಂದೇ ಜಿಲ್ಲೆಯ ಈ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೆರಡು ಗಂಟೆಯ ಹಾದಿ. ಆದರೆ ಕೆಲಸ ಕಲಿಯುವ ಬಗೆ, ಕೂಲಿ ಎಣಿಸುವ ಬಗೆ, ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬ ಕಟ್ಟಳೆ, ಇವೆಲ್ಲದರಲ್ಲಿ ಅವುಗಳ ನಡುವೆ ಶತಮಾನಗಳ ದೂರವಿದೆ.

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಿತು. ಆಗ ಅದರಲ್ಲಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಮುಂದೆ ಕುಕನೂರು, ಕನಕಗಿರಿ, ಕಾರಟಗಿಗಳು ಪ್ರತ್ಯೇಕ ತಾಲ್ಲೂಕುಗಳಾದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 13.9 ಲಕ್ಷ, ಸಾಕ್ಷರತೆ ಶೇ 68ರಷ್ಟು, ಮಹಿಳೆಯರಲ್ಲಿ ಅದು ಶೇ 60ನ್ನೂ ಮುಟ್ಟಿರಲಿಲ್ಲ. ‘ಕೌಶಲ’ ಎಂಬ ಪದ ಸರ್ಕಾರಿ ಕಡತಗಳಲ್ಲಿ ಪ್ರಮಾಣಪತ್ರದ ಸಮಾನಾರ್ಥಕವಾಗಿಬಿಟ್ಟಿರುವ ಈ ಕಾಲದಲ್ಲಿ, ಓದು ಬಾರದ ಕೈಗಳಲ್ಲಿರುವ ವಿದ್ಯೆಯನ್ನು ಎಲ್ಲಿ ನಮೂದಿಸಬೇಕು ಎಂಬ ಪ್ರಶ್ನೆ ಈ ಜಿಲ್ಲೆಯಲ್ಲಿ ಬೇರೆಡೆಗಿಂತ ತೀಕ್ಷ್ಣವಾಗಿ ಏಳುತ್ತದೆ.

ಕಿನ್ನಾಳ ಮತ್ತು ಭಾನಾಪುರ

ಕಿನ್ನಾಳದ ಚಿತ್ರಗಾರ ಮನೆತನಗಳು ತಮ್ಮ ಪೂರ್ವಿಕರನ್ನು ವಿಜಯನಗರದ ಕಾಲಕ್ಕೆ ಜೋಡಿಸುತ್ತವೆ. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ತಾರಗಳು ಈ ಮನೆತನದವರ ಕೈಯಿಂದಲೇ ಆದುವೆಂಬ ನಂಬಿಕೆಯೂ ಇದೆ. ಇಲ್ಲಿನ ಗೊಂಬೆಗೆ ಬೇಕಾದುದು ಹಗುರವಾದ ಮರ. ಕೆತ್ತಿದ ತುಂಡುಗಳನ್ನು ಜೋಡಿಸಲು, ಕೊರಕಲು ತುಂಬಲು ಬಳಸುವ ಮೆತ್ತೆಯನ್ನು ಸೆಣಬಿನ ಚಿಂದಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಿಂದ ಸಿದ್ಧಪಡಿಸುತ್ತಾರೆ. ಅದರ ಮೇಲೆ ಬಿಳಿಯ ಲೇಪ, ಆಮೇಲೆ ಬಣ್ಣ. ಒಡವೆ, ಅಂಚುಗಳ ಉಬ್ಬುಗೆರೆಗಳನ್ನು ಕಲ್ಲಿನ ನುಣುಪು ಪುಡಿ ಬೆರೆಸಿದ ಅಂಟಿನಿಂದ ಎಳೆಯಲಾಗುತ್ತದೆ. ಗೌರಿ, ಗರುಡ, ತೊಟ್ಟಿಲು, ಪಲ್ಲಕ್ಕಿ, ಹಣ್ಣು–ತರಕಾರಿಗಳ ಮಾದರಿಗಳು ಇಲ್ಲಿಯ ಮುಖ್ಯ ಸರಕು. ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.

ಈ ವಿದ್ಯೆಗೆ ಶಾಲೆಯಿಲ್ಲ, ಮನೆಯೇ ಶಾಲೆ. ಅದರ ಬಲವೂ ಅದೇ, ಮಿತಿಯೂ ಅದೇ. ಮನೆಯ ಮಗ ಬೇರೆ ಉದ್ಯೋಗ ಹಿಡಿದರೆ ಒಂದು ಕೈ ಕಡಿಮೆಯಾಯಿತೆಂದೇ ಅರ್ಥ. ಹೊರಗಿನವರು ಬಂದು ಆ ಸ್ಥಾನ ತುಂಬುವುದು ವಿರಳ. ಕುಲಕಸುಬಿನ ಹೊಗಳಿಕೆಯಲ್ಲಿ ಈ ಮಾತು ಸಾಮಾನ್ಯವಾಗಿ ಮರೆಯಾಗುತ್ತದೆ.

ಭಾನಾಪುರದ ಕಥೆ ಬೇರೆ. 2020ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿತು. 2023ರಲ್ಲಿ ಅದು ಶೇ 70 ಆಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಚೀನಾದಿಂದ ಬರುತ್ತಿದ್ದ ಅಗ್ಗದ ಸರಕಿಗೆ ಹೀಗೆ ತಡೆ ಬಿದ್ದ ಹೊತ್ತಿಗೇ, ಬೆಳಗಾವಿ ಮೂಲದ ಏಕಸ್ ಸಂಸ್ಥೆಯು ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ಸ್ಥಾಪಿಸಲು ಮುಂದಾಯಿತು. 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅದಕ್ಕೆ ಅಡಿಗಲ್ಲು ಹಾಕಿದರು. ಸುಮಾರು 5,000 ಕೋಟಿ ರೂಪಾಯಿ ಹೂಡಿಕೆ, 40 ಸಾವಿರ ಉದ್ಯೋಗ ಎಂಬುದು ಆಗಿನ ಘೋಷಣೆ. ಘೋಷಿತ ಸಂಖ್ಯೆಗೂ ಹಾಜರಿ ಪುಸ್ತಕದ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ರಾಜ್ಯದ ಓದುಗರು ಹಿಂದೆಯೂ ಕಂಡಿದ್ದಾರೆ. ಆದರೂ ಮಳೆಯಾಶ್ರಿತ ಹೊಲಗಳ ನಡುವೆ ಇಂಥದೊಂದು ಕಾರ್ಖಾನೆ ಎದ್ದುದೇ ದೊಡ್ಡ ಬದಲಾವಣೆ.

ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ತುಂಬುವುದು, ಬಣ್ಣ ಹಾಕುವುದು, ಜೋಡಿಸುವುದು, ಪರೀಕ್ಷಿಸುವುದು, ಪೆಟ್ಟಿಗೆ ಕಟ್ಟುವುದು: ಆಟಿಕೆ ಕಾರ್ಖಾನೆಯ ಕೆಲಸ ಇಷ್ಟಾಗಿ ಹರಿದು ಹಂಚಿರುತ್ತದೆ. ಜೋಡಣೆ ಮತ್ತು ಪ್ಯಾಕಿಂಗ್‌ಗೆ ಕೆಲವೇ ದಿನಗಳ ತರಬೇತಿ ಸಾಕು. ಅಚ್ಚನ್ನು ರೂಪಿಸುವ, ದುರಸ್ತಿ ಮಾಡುವ ‘ಟೂಲ್ ರೂಮ್’ ಕೆಲಸಕ್ಕೆ ವರ್ಷಗಳು ಬೇಕು. ನಿಜವಾದ ಸಂಬಳವಿರುವುದು ಎರಡನೆಯದರಲ್ಲಿ. ಹಳ್ಳಿಯ ಹೆಣ್ಣುಮಗಳು ಮೊದಲನೆಯ ಸಾಲಿನಲ್ಲಿ ಸುಲಭವಾಗಿ ಸೇರಿಕೊಳ್ಳಬಹುದು. ಎರಡನೆಯದಕ್ಕೆ ಏರಲು ಆಕೆಗೆ ಏಣಿ ಇದೆಯೇ ಎಂಬುದರ ಮೇಲೆ ಈ ಉದ್ಯಮದಿಂದ ಜಿಲ್ಲೆಗೆ ದಕ್ಕುವುದೆಷ್ಟು ಎಂಬುದು ನಿಂತಿದೆ. ರಾಜ್ಯ ಸರ್ಕಾರವು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವುಗಳನ್ನು ಲೋಕಾರ್ಪಣೆ ಮಾಡಿದರು. ಯಂತ್ರಗಳು ಬಂದುವು. ಆದರೆ ಫಿಟ್ಟರ್, ಟರ್ನರ್ ವಿಭಾಗಗಳಲ್ಲಿ ಹುಡುಗಿಯರನ್ನು ಕಾಣುವುದು ಇಂದಿಗೂ ಅಪರೂಪವೇ.

ಕೈಗೊಂಬೆಗೆ ಈ ಹೊಸ ಕಾಯ್ದೆಗಳಿಂದ ತೊಂದರೆಯಾಗಬಹುದೆಂಬ ಆತಂಕ ಮೊದಲು ಇತ್ತು. ಹುಣಸೆಬೀಜದ ಅಂಟಿಗೆ ಪ್ರಯೋಗಾಲಯದ ಪ್ರಮಾಣಪತ್ರ ತರುವುದು ಹೇಗೆ? ನೋಂದಾಯಿತ ಕರಕುಶಲಿಗಳ ಹಾಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೆ 2020ರ ಡಿಸೆಂಬರ್‌ನಲ್ಲಿಯೇ ವಿನಾಯಿತಿ ನೀಡಿದ್ದರಿಂದ ಕಿನ್ನಾಳ ಪಾರಾಯಿತು. ವಿನಾಯಿತಿಯಿಂದ ಮಾರುಕಟ್ಟೆ ಸಿಗುವುದಿಲ್ಲ, ಅದು ಬೇರೆ ಮಾತು.

ನಾಟಿ ಗುಂಪು, ಅಕ್ಕಿ ಗಿರಣಿ

1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಗಂಗಾವತಿಯ ದುಡಿಮೆಯ ಚಹರೆಯೇ ಬದಲಾಯಿತು. ಎಡದಂಡೆ ಕಾಲುವೆಯ ಬೆನ್ನಿಗೆ ಆಂಧ್ರದ ರೈತರು ಬಂದು ನೆಲೆಸಿದರು. ಅವರ ಊರುಗಳು ಇಂದಿಗೂ ‘ಕ್ಯಾಂಪ್’ಗಳೇ. ಜೋಳದ ಹೊಲ ಭತ್ತದ ಗದ್ದೆಯಾಯಿತು, ಸೋನಾ ಮಸೂರಿಯ ಹೆಸರು ರಾಜ್ಯದ ಅಡುಗೆಮನೆಗಳನ್ನು ಹೊಕ್ಕಿತು. ಗದ್ದೆಯಲ್ಲಿ ನಾಟಿ ಹಾಕುವವರು ಮಾತ್ರ ಬಹುಪಾಲು ಹೆಂಗಸರು, ಅದರಲ್ಲೂ ಭೂಮಿಯಿಲ್ಲದ ಮನೆಗಳ ಹೆಂಗಸರು. ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದು ಗುಂಪಾಗಿ ಇಳಿಯುವ ಇವರ ಕೈವೇಗವೂ ಸಾಲು ತಪ್ಪದ ಕಣ್ಣಳತೆಯೂ ಯಾವ ಕೌಶಲ ಪಟ್ಟಿಯಲ್ಲೂ ಸೇರಿಲ್ಲ.

ಈಗ ಕೊಯ್ಲಿಗೆ ದೈತ್ಯ ಯಂತ್ರಗಳು ಬಂದಿವೆ. ವಾರಗಟ್ಟಲೆಯ ಕಟಾವು, ಒಕ್ಕಣೆ ಗಂಟೆಗಳ ಕೆಲಸವಾಗಿದೆ. ನಾಟಿ ಯಂತ್ರ, ನೇರ ಬಿತ್ತನೆಗಳೂ ಕಾಲಿರಿಸಿವೆ. ಗಿರಣಿಗಳಲ್ಲಿ ಕಪ್ಪು ಕಾಳು, ಕಲ್ಲು ಆರಿಸುತ್ತಿದ್ದ ಕೈಗಳ ಜಾಗದಲ್ಲಿ ಕ್ಯಾಮೆರಾ ಕಣ್ಣಿನ ವಿಂಗಡಣಾ ಯಂತ್ರ ನಿಂತಿದೆ. ಗಮನಿಸಬೇಕಾದುದೆಂದರೆ, ಯಂತ್ರ ಕಸಿದುಕೊಂಡದ್ದು ಹೆಚ್ಚಾಗಿ ಹೆಂಗಸರ ಕೆಲಸವನ್ನು. ಯಂತ್ರ ಓಡಿಸುವ ಹೊಸ ಕೆಲಸ ಸಿಕ್ಕಿದ್ದು ಹೆಚ್ಚಾಗಿ ಗಂಡಸರಿಗೆ. ಇದನ್ನು ಸ್ವಲ್ಪವಾದರೂ ತಿರುಗಿಸುವ ಯತ್ನವೆಂದರೆ 15 ಸಾವಿರ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಔಷಧ ಸಿಂಪಡಿಸುವ ಡ್ರೋನ್ ನೀಡುವ, 2023ರಲ್ಲಿ ಕೇಂದ್ರ ಪ್ರಕಟಿಸಿದ ‘ನಮೋ ಡ್ರೋನ್ ದೀದಿ’ ಯೋಜನೆ. ದೇಶವಿಡೀ ಹಂಚಿದರೆ ಒಂದು ತಾಲ್ಲೂಕಿಗೆ ಎಷ್ಟು ಬರುತ್ತದೆ ಎಂಬ ಲೆಕ್ಕ ಕಷ್ಟದ್ದೇನಲ್ಲ.

ಆನೆಗೊಂದಿಯಲ್ಲಿ ನಡೆದುದು ಚಿಕ್ಕದಾದರೂ ಬೇರೆ ಬಗೆಯದು. ಶಮಾ ಪವಾರ್ ಅವರು 1997ರಲ್ಲಿ ಸ್ಥಾಪಿಸಿದ ಕಿಷ್ಕಿಂಧಾ ಟ್ರಸ್ಟ್, ಎಸೆದು ಹೋಗುತ್ತಿದ್ದ ಬಾಳೆಯ ನಾರಿನಿಂದ ಚೀಲ, ಚಾಪೆ, ಬುಟ್ಟಿ ಹೆಣೆಯುವುದನ್ನು ಊರಿನ ಹೆಂಗಸರಿಗೆ ಕಲಿಸಿತು. ಇದು ಯಾರ ಕುಲಕಸುಬೂ ಅಲ್ಲದಿದ್ದುದರಿಂದ ಎಲ್ಲ ಜಾತಿಯವರೂ ಸೇರಿ ಕಲಿಯಲು ಅಡ್ಡಿಯಿರಲಿಲ್ಲ.

ಭಾಗ್ಯನಗರದ ಕೂದಲು

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ ಹಿಂದೆ ನೇಕಾರರ ಊರು. ಮಗ್ಗದ ಸದ್ದು ಕ್ಷೀಣಿಸಿದಂತೆ ಅಲ್ಲಿ ತಲೆಗೂದಲ ವ್ಯಾಪಾರ ಬೆಳೆಯಿತು. ತೀರ್ಥಕ್ಷೇತ್ರಗಳ ಮುಡಿಯ ಹರಾಜಿನಿಂದಲೂ, ಬೀದಿ ಬೀದಿ ಅಲೆದು ಬಾಚಣಿಗೆಯ ಕೂದಲನ್ನು ಪಾತ್ರೆಗೋ ತಿಂಡಿಗೋ ಕೊಳ್ಳುವವರಿಂದಲೂ ಸರಕು ಬರುತ್ತದೆ. ಸಿಕ್ಕು ಬಿಡಿಸಿ, ಬುಡ–ತುದಿ ಸರಿಪಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಕಟ್ಟು ಕಟ್ಟುವುದು ಹೆಂಗಸರ ಪಾಲು. ಇದರ ಗಿರಾಕಿ ಎಲ್ಲೋ ದೂರದ ವಿಗ್ ತಯಾರಕ.

ಕಚ್ಚಾ ಕೂದಲು ಕಳ್ಳದಾರಿಯಲ್ಲಿ ನೆರೆದೇಶಗಳಿಗೆ ಹೋಗಿ ಅಲ್ಲಿ ಸಂಸ್ಕರಣೆಯಾಗತೊಡಗಿದಾಗ ಇಲ್ಲಿನ ಕೈಗಳಿಗೆ ಕೆಲಸ ತಪ್ಪಿತು. ಉದ್ಯಮದ ಒತ್ತಾಯದ ಮೇರೆಗೆ 2022ರ ಜನವರಿಯಲ್ಲಿ ಕಚ್ಚಾ ಕೂದಲಿನ ರಫ್ತಿಗೆ ಪರವಾನಗಿ ಕಡ್ಡಾಯವಾಯಿತು. 2024ರ ಜನವರಿಯಲ್ಲಿ ಕಿಲೋಗೆ 65 ಡಾಲರ್‌ಗಿಂತ ಕಡಿಮೆ ಬೆಲೆಯದರ ರಫ್ತನ್ನು ನಿಷೇಧಿಸಲಾಯಿತು. ದೆಹಲಿಯ ಒಂದು ಅಧಿಸೂಚನೆ ಭಾಗ್ಯನಗರದ ಪಡಸಾಲೆಯಲ್ಲಿ ಕುಳಿತವಳ ದಿನಗೂಲಿಯನ್ನು ನಿರ್ಧರಿಸುವುದೆಂದರೆ ಇದೇ. ಆದರೆ ಮನೆಯಲ್ಲೇ ಕುಳಿತು ತೂಕದ ಲೆಕ್ಕದಲ್ಲಿ ದುಡಿಯುವವಳಿಗೆ ಹಾಜರಿಯಿಲ್ಲ, ಭವಿಷ್ಯನಿಧಿಯಿಲ್ಲ. ದೂಳಿಗೆ, ಕುತ್ತಿಗೆ ನೋವಿಗೆ ಹೊಣೆ ಯಾರೂ ಅಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ನೀಡಬೇಕೆನ್ನುತ್ತವೆ. ಪಡಸಾಲೆಗೆ ಆ ಪತ್ರ ತಲುಪಿಸುವವರು ಯಾರೆಂಬುದು ಇನ್ನೂ ಇತ್ಯರ್ಥವಾಗಬೇಕಿದೆ.

ಗುಳೆಯೂ ರೈಲೂ

ಕುಷ್ಟಗಿ, ಯಲಬುರ್ಗಾಗಳದು ಮಳೆಯನ್ನೇ ನೆಚ್ಚಿದ ಬೇಸಾಯ. ಸುಗ್ಗಿ ಮುಗಿದರೆ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುವುದು ವಾಡಿಕೆ. 2005ರ ಉದ್ಯೋಗ ಖಾತರಿ ಕಾಯ್ದೆ ಇದಕ್ಕೊಂದು ಮಿತಿ ಹಾಕಿತು. ಅದಕ್ಕಿಂತ ಮುಖ್ಯವಾಗಿ, ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂಬುದನ್ನು ಊರು ಕಣ್ಣಾರೆ ಕಾಣುವಂತೆ ಮಾಡಿತು. 2025–26ರಲ್ಲಿ ರಾಜ್ಯದಲ್ಲಿ ಆ ಕೂಲಿ ದಿನಕ್ಕೆ 370 ರೂಪಾಯಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಬದಲಿಗೆ ಹೊಸ ಕಾಯ್ದೆಗೆ ಒಪ್ಪಿಗೆ ನೀಡಿತು. ಅದರಲ್ಲಿ ದಿನಗಳು 100ರಿಂದ 125ಕ್ಕೆ ಏರಿವೆ. ಬಿತ್ತನೆ–ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ 60 ದಿನಗಳವರೆಗೆ ಕಾಮಗಾರಿ ನಿಲ್ಲಿಸುವ ಅವಕಾಶವೂ ಇದೆ. ಕೂಲಿಯ ದರ ಚೌಕಾಶಿ ಮಾಡುವ ಶಕ್ತಿ ಕಾರ್ಮಿಕರಿಗೆ ಇರುವುದು ಆ ದಿನಗಳಲ್ಲಿಯೇ ಎಂಬುದನ್ನು ಮರೆಯಲಾಗದು.

ಊರಲ್ಲೇ ಉಳಿದು ದುಡಿಯುವವರಿಗೆ ದಾರಿ ಕೊಂಚ ಸುಗಮವಾಗಿದೆ. 2019ರಲ್ಲಿ ಗಂಗಾವತಿಗೆ ರೈಲು ಬಂತು. ಗದಗ–ವಾಡಿ ಮಾರ್ಗದ ಭಾಗವಾಗಿ 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೂ ಸಂಚಾರ ಆರಂಭವಾಯಿತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ‘ಶಕ್ತಿ’ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಕೂಲಿಯ ಒಂದು ಪಾಲು ಬಸ್ಸಿಗೇ ಹೋಗುತ್ತಿದ್ದವಳಿಗೆ ಇದು ಸಂಬಳ ಹೆಚ್ಚಿದಂತೆಯೇ. ಆದರೆ ಕಾರ್ಖಾನೆಯ ಪಾಳಿ ಮುಗಿಯುವ ರಾತ್ರಿ ಹೊತ್ತಿಗೆ ಹಳ್ಳಿಗೆ ಬಸ್ಸಿರಬೇಕಲ್ಲ. ಒಪ್ಪಿಗೆಯಿದ್ದರೆ ಮಹಿಳೆಯರು ರಾತ್ರಿ ಪಾಳಿಯಲ್ಲಿ ದುಡಿಯಬಹುದೆಂದು ಹೊಸ ಸಂಹಿತೆ ಹೇಳುತ್ತದೆ. ಸಾರಿಗೆ, ಸುರಕ್ಷತೆಯ ಹೊಣೆ ಮಾಲೀಕರದು. ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಯ ರಾಜ್ಯ ಸರ್ಕಾರದ 2025ರ ಆದೇಶವನ್ನು ಹೋಟೆಲ್ ಮಾಲೀಕರ ಸಂಘ ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು.

ಯಾರಿಗೆ ಕೆಲಸ, ಯಾವ ಕೆಲಸ

ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗದ ಸರ್ಕಾರಿ ನೌಕರಿಗಳಲ್ಲಿ ಸ್ಥಳೀಯರಿಗೆ ‘ಎ’ ಮತ್ತು ‘ಬಿ’ ವರ್ಗದಲ್ಲಿ ಶೇ 75, ‘ಸಿ’ಯಲ್ಲಿ ಶೇ 80, ‘ಡಿ’ಯಲ್ಲಿ ಶೇ 85 ಮೀಸಲಾತಿ ದೊರೆಯಿತು. ಖಾಸಗಿ ಕಾರ್ಖಾನೆಗೆ ಅಂಥ ಕಟ್ಟಳೆಯಿಲ್ಲ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿದ್ದ ಸ್ಥಳೀಯರ ಉದ್ಯೋಗ ಮಸೂದೆಯನ್ನು ಉದ್ಯಮಿಗಳ ವಿರೋಧದಿಂದಾಗಿ ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು. ಗಿಣಿಗೇರಾ ಸುತ್ತಲಿನ ಉಕ್ಕು, ಕಬ್ಬಿಣದ ಘಟಕಗಳ ಕುರಿತು ‘ಹೊಗೆ ನಮಗೆ, ಕೆಲಸ ಹೊರಗಿನವರಿಗೆ’ ಎಂಬ ದೂರು ಹಳೆಯದು. ಆ ಅಸಮಾಧಾನ ಬೀದಿಗೆ ಬಂದದ್ದು 2025ರ ಫೆಬ್ರುವರಿ 24ರಂದು. ಬಲ್ಡೋಟ ಸಮೂಹದ 54 ಸಾವಿರ ಕೋಟಿ ರೂಪಾಯಿಯ ಉಕ್ಕು ಕಾರ್ಖಾನೆಯ ಪ್ರಸ್ತಾವದ ವಿರುದ್ಧ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದಾಳತ್ವದಲ್ಲಿ ಕೊಪ್ಪಳ ಬಂದ್ ಆಯಿತು. ಸಾವಿರಾರು ಉದ್ಯೋಗಗಳ ಭರವಸೆಯಿದ್ದರೂ ಊರು ಬೇಡವೆಂದದ್ದು, ದುಡಿಮೆಯೆಂದರೆ ಸಂಖ್ಯೆಯಷ್ಟೇ ಅಲ್ಲ ಎಂಬುದನ್ನು ಅಧಿಕಾರಸ್ಥರಿಗೆ ತಿಳಿಸಿತು.

ಒಳಗೊಳ್ಳುವಿಕೆಯ ಮಾತು ಬಂದಾಗ ಅಂಗವಿಕಲರಿಗೆ 2016ರ ಕಾಯ್ದೆಯಡಿ ಸರ್ಕಾರಿ ಹುದ್ದೆಗಳಲ್ಲಿ ಶೇ 4, ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಿಂದ ರಾಜ್ಯ ಸರ್ಕಾರಿ ನೇಮಕದಲ್ಲಿ ಶೇ 1 ಮೀಸಲಾತಿ ಇರುವುದನ್ನು ಉಲ್ಲೇಖಿಸುವುದು ರೂಢಿ. ಖಾಸಗಿ ಸಂಸ್ಥೆಗಳು ಸಮಾನ ಅವಕಾಶದ ನೀತಿಯೊಂದನ್ನು ಪ್ರಕಟಿಸಬೇಕು; ನೇಮಕ ಅವುಗಳ ಇಚ್ಛೆಗೆ ಬಿಟ್ಟದ್ದು.

ಆದರೆ ಈ ಜಿಲ್ಲೆಯಲ್ಲಿ ಪ್ರಶ್ನೆ ಅದಕ್ಕೂ ಹಿಂದಿನ ಮೆಟ್ಟಿಲಿನದು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಯ ಮೇಲೆ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ ಮತ್ತು ಹೋಟೆಲುಗಳಲ್ಲಿ ಪ್ರವೇಶ ನಿರಾಕರಿಸಿದ್ದನ್ನು ದಲಿತರು ಪ್ರಶ್ನಿಸಿದ್ದರು. ಹತ್ತು ವರ್ಷಗಳ ಬಳಿಕ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಅನೇಕರಿಗೆ ಹೈಕೋರ್ಟ್ ಜಾಮೀನು ನೀಡಿತು. ಒಂದೇ ಅಂಗಡಿಯಲ್ಲಿ ಚಹಾ ಕುಡಿಯಲು ಬಿಡದ ಊರಿನಿಂದ ಬಂದ ಇಬ್ಬರು ಯುವಕರು ಕಾರ್ಖಾನೆಯ ಒಂದೇ ಯಂತ್ರದ ಎರಡು ಬದಿಗೆ ನಿಲ್ಲುತ್ತಾರೆ, ಒಂದೇ ಕ್ಯಾಂಟೀನಿನಲ್ಲಿ ಉಣ್ಣುತ್ತಾರೆ. ಪಾಳಿ ಮುಗಿದ ಮೇಲೆ ಅದೇ ಬಸ್ಸಿನಲ್ಲಿ ಊರಿಗೆ ಮರಳಿ, ಅವರು ಬೇರೆ ಬೇರೆ ಕೇರಿಗಳಿಗೆ ನಡೆಯುತ್ತಾರೆ.